ಹೆಣ್ಣುಮಕ್ಕಳಿಗೆ ಕಾಲ್ಚೆಂಡಾಟವನ್ನು ಕಲಿಸಿದ ಡಾರೆನ್ಸ್ ಮಹಾಶಯರು

ಕಳೆದ ವರ್ಷ ಮಳೆಗಾಲವು ಮುಗಿದ ಮೇಲೆ ನಮ್ಮ ಒಂಭತ್ತನೆಯ ತರಗತಿಯ ವಿದ್ಯಾರ್ಥಿನಿಯರು ಇಪ್ಪತ್ತಮೂರು ರುಜುಗಳುಳ್ಳ ಒಂದು ಅರ್ಜಿಯನ್ನು ನಮ್ಮ ಮೇಜಿನ ಮೇಲೆ ತಂದಿಟ್ಟರು. ಖೋ ಖೋ, ತ್ರೋಬಾಲ್, ಟೆನಿಕಾಯ್ಟ್ ಇವುಗಳೊಡನೆ ಕಾಲ್ಚೆಂಡಾಟವನ್ನೂ ಕಲಿಸಬೇಕೆಂಬುದು ಅವರ ಪ್ರಾರ್ಥನೆಯಾಗಿತ್ತು. ಈ ಸಂಗತಿಯು ಊರಲ್ಲಿ ಹರಡಿದ ಎರಡು ದಿನಗಳಲ್ಲಿಯೇ ಕೆಲವರು ತಾಯ್ತಂದೆಗಳು ನಮ್ಮನ್ನು ಕಾಣಬಂದರು. ಅದು ಗಂಡುಹುಡುಗರ ಆಟವಲ್ಲವೇ, ಹುಡುಗಿಯು ಕಾಲು ಮುರಿದುಕೊಂಡರೆ ಮುಂದೆ ಗತಿಯೇನು, ಈ ಆಟವನ್ನು ಆಡಿ ಯಾರು ಉದ್ಧಾರವಾಗಿದ್ದಾರೆ ಎಂದು ಅವರು ಕೇಳಿದರು. ಅರ್ಜಿಯನ್ನು ಕೊಟ್ಟವರಿಗೂ ಆಕ್ಷೇಪಿಸಿದವರಿಗೂ ಒಂದೇ ಉತ್ತರವನ್ನು ಬರೆಯುವುದು ಯುಕ್ತವೆಂದು ತೋರಿದುದರಿಂದ ಈ ಸಂಚಿಕೆಯ ಕೆಲವು ಪುಟಗಳನ್ನು ಅದಕ್ಕೆಂದೇ ಮೀಸಲಿಟ್ಟುಕೊಂಡಿದ್ದೇವೆ. ಕಾಲೇಜಿನ ಹೆಣ್ಣುಮಕ್ಕಳಿಗೆ ಈ ಆಟವನ್ನು ನಲವತ್ತೈದು ವರ್ಷ ಕಲಿಸಿದ ಒಬ್ಬ ಶಿಕ್ಷಕರ ವೃತ್ತಾಂತವನ್ನು ಹೇಳಿದರೆ, ಕೇಳಿದ ಪ್ರಶ್ನೆಗಳಲ್ಲಿ ಬಹುಪಾಲಿಗೆ ಸಮಾಧಾನವು ದೊರೆಯುವುದೆಂದು ನಮ್ಮ ನಂಬುಗೆ.

ಆ ಶಿಕ್ಷಕರ ಹೆಸರು ಆನ್ಸನ್ ಡಾರೆನ್ಸ್. ಅವರು 1951ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ನಮ್ಮ ಬೊಂಬಾಯಿ ಪಟ್ಟಣದಲ್ಲಿಯೇ ಹುಟ್ಟಿದರು. ಇಷ್ಟರಿಂದಲೇ ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಹಾಗಿಲ್ಲ. ತಂದೆಯು ಎಣ್ಣೆಯ ವ್ಯಾಪಾರದ ಉದ್ಯೋಗಸ್ಥರಾದ ಅಮೆರಿಕನ್ನರು, ಉದ್ಯೋಗವು ಕರೆದಲ್ಲಿಗೆ ಸಂಸಾರವೂ ಹೋಗಬೇಕಾಗಿತ್ತು. ಹೀಗೆ ಬಾಲಕನು ಆಫ್ರಿಕಾ ಖಂಡದಲ್ಲಿಯೂ ಸಿಂಗಪುರದಲ್ಲಿಯೂ ಯೂರೋಪಿನಲ್ಲಿಯೂ ಬೆಳೆದು, ಅಮೆರಿಕದ ಹುಡುಗರಿಗೆ ಆಗಿನ ಕಾಲದಲ್ಲಿ ಅಪರಿಚಿತವಾಗಿದ್ದ ಕಾಲ್ಚೆಂಡಾಟವನ್ನು ಹೋದ ಹೋದಲ್ಲೆಲ್ಲಾ ಆಡಿ ಅಭ್ಯಾಸಮಾಡಿಕೊಂಡನು. ತರುವಾಯ ಉತ್ತರ ಕೆರೊಲಿನಾ ಸಂಸ್ಥಾನದ ಚ್ಯಾಪಲ್ ಹಿಲ್ ಎಂಬ ಊರಿನ ವಿಶ್ವವಿದ್ಯಾನಿಲಯವನ್ನು ಸೇರಿ, ಇಂಗ್ಲಿಷ್ ಸಾಹಿತ್ಯವನ್ನೂ ತತ್ವಶಾಸ್ತ್ರವನ್ನೂ ಓದಿ 1974ರಲ್ಲಿ ಪದವಿಯನ್ನು ಪಡೆದರು. ವಕೀಲರಾಗಬೇಕೆಂದು ನ್ಯಾಯಶಾಸ್ತ್ರದ ತರಗತಿಯನ್ನೂ ಸೇರಿದ್ದರು. ಆದರೆ ತಮ್ಮ ಹಳೆಯ ಶಿಕ್ಷಕರು ನಿವೃತ್ತರಾದಾಗ ವಿಶ್ವವಿದ್ಯಾನಿಲಯದ ಗಂಡುಮಕ್ಕಳ ತಂಡದ ತರಬೇತಿಯು 1977ರಲ್ಲಿ ಅವರ ಪಾಲಿಗೆ ಬಂದಿತು. ನ್ಯಾಯಶಾಸ್ತ್ರವು ಅರ್ಧದಲ್ಲಿಯೇ ನಿಂತಿತು.

ಇಲ್ಲಿ ಕಥೆಯನ್ನು ತುಸು ನಿಲ್ಲಿಸಿ, ಆ ಕಾಲದಲ್ಲಿ ಹೆಂಗಸರ ಕಾಲ್ಚೆಂಡಾಟವು ಯಾವ ಸ್ಥಿತಿಯಲ್ಲಿತ್ತೆಂಬುದನ್ನು ಹೇಳಬೇಕು. ನಮ್ಮ ಊರಿನವರ ಆಕ್ಷೇಪಣೆಯು ನಮ್ಮ ಊರಿನಲ್ಲಿ ಮಾತ್ರ ಹುಟ್ಟಿದುದಲ್ಲ. ಈ ಆಟದ ತವರುಮನೆಯೆನಿಸಿದ ಇಂಗ್ಲೆಂಡಿನಲ್ಲಿ, ಮೊದಲನೆಯ ಮಹಾಯುದ್ಧದ ಕಾಲಕ್ಕೆ ಗಂಡಸರು ರಣರಂಗಕ್ಕೆ ಹೋದಾಗ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ತಂಡಗಳನ್ನು ಕಟ್ಟಿಕೊಂಡು ಆಡಿದರು. ಪ್ರೆಸ್ಟನ್ ಪಟ್ಟಣದ ಡಿಕ್, ಕೆರ್ ಕಾರ್ಖಾನೆಯ ತಂಡದ ಆಟವನ್ನು ನೋಡಲು 1920ರ ಕ್ರಿಸ್ಮಸ್ ಹಬ್ಬದ ಮಾರನೆಯ ದಿನ ಲಿವರ್‌ಪೂಲಿನಲ್ಲಿ ಸುಮಾರು 53,000 ಜನರು ಸೇರಿದ್ದರು. ಮರುವರ್ಷ, ಎಂದರೆ 1921ರ ಡಿಸೆಂಬರಿನಲ್ಲಿ, ಈ ಆಟವು ಹೆಂಗಸರಿಗೆ ತಕ್ಕುದಲ್ಲವೆಂದು ಆ ದೇಶದ ಕಾಲ್ಚೆಂಡಾಟದ ಸಂಘವು ನಿರ್ಣಯಿಸಿ, ಸಂಘಕ್ಕೆ ಸೇರಿದ ಮೈದಾನಗಳಲ್ಲಿ ಅವರಿಗೆ ಎಡೆಗೊಡಕೂಡದೆಂದು ಕಟ್ಟುಮಾಡಿತು. ಆ ಕಟ್ಟು ಸುಮಾರು ಐವತ್ತು ವರ್ಷ ನಡೆಯಿತು. ಪಶ್ಚಿಮ ಜರ್ಮನಿಯಲ್ಲಿಯೂ 1955ರಿಂದ 1970ರವರೆಗೆ ಇಂತಹುದೇ ನಿಷೇಧವಿತ್ತು. ಐವತ್ತಮೂರು ಸಾವಿರ ಜನರು ದುಡ್ಡು ಕೊಟ್ಟು ನೋಡಿದ ಆಟವು ಒಂದೇ ವರ್ಷದಲ್ಲಿ ಅಯೋಗ್ಯವಾದುದು ಹೇಗೆಂದು ನಾವು ಎಷ್ಟೋ ಸಾರಿ ಯೋಚಿಸಿದ್ದುಂಟು.

ಅಮೆರಿಕದಲ್ಲಿ ಬಾಗಿಲನ್ನು ತೆರೆದುದು ಒಂದು ಕಾನೂನು. ಸರ್ಕಾರದ ಹಣವನ್ನು ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣೆಂಬ ಅಥವಾ ಗಂಡೆಂಬ ಕಾರಣದಿಂದ ಯಾರನ್ನೂ ಹೊರಗಿಡಕೂಡದೆಂದು 1972ರಲ್ಲಿ ಅಲ್ಲಿ ಶಾಸನವಾಯಿತು. ಆ ಶಾಸನದಲ್ಲಿ ಆಟದ ಮಾತೇ ಇಲ್ಲ. ಆದರೆ ಆಟದ ಮೈದಾನವೂ ಶಾಲೆಯ ಭಾಗವಷ್ಟೆ. ಗಂಡುಮಕ್ಕಳ ಆಟಕ್ಕೆ ಹಣವನ್ನು ವೆಚ್ಚಮಾಡಿ ಹೆಣ್ಣುಮಕ್ಕಳನ್ನು ಬೇಲಿಯಾಚೆ ನಿಲ್ಲಿಸುವುದು ಕಾನೂನಿಗೆ ವಿರುದ್ಧವೆಂದು ಕ್ರಮೇಣ ಎಲ್ಲರಿಗೂ ತಿಳಿಯಬಂದಿತು.

ಚ್ಯಾಪಲ್ ಹಿಲ್ಲಿನಲ್ಲಿಯೂ ನಡೆದುದು ನಮ್ಮಲ್ಲಿ ನಡೆದುದೇ. ತಾವೇ ಕೂಡಿಕೊಂಡು ಆಡುತ್ತಿದ್ದ ವಿದ್ಯಾರ್ಥಿನಿಯರು, ತಮ್ಮನ್ನು ವಿಶ್ವವಿದ್ಯಾನಿಲಯದ ಅಧಿಕೃತ ತಂಡವೆಂದು ಒಪ್ಪಿಕೊಳ್ಳಬೇಕೆಂದು ಮೇಲಿನವರನ್ನು ಬೇಡಿಕೊಂಡರು. ಆ ಹುಡುಗಿಯರ ಆಟವನ್ನು ನೋಡಿ ಅಭಿಪ್ರಾಯವನ್ನು ತಿಳಿಸೆಂದು ಕ್ರೀಡಾಧಿಕಾರಿಗಳು ಡಾರೆನ್ಸ್ ಅವರನ್ನು ಕಳುಹಿಸಿದರು. ಅವರ ಅಭಿಪ್ರಾಯವು ಅನುಕೂಲವಾಗಿತ್ತು. 1979ರಲ್ಲಿ ತಂಡವು ಸ್ಥಾಪಿತವಾಗಿ, ಅದರ ಶಿಕ್ಷಣವೂ ಅವರ ಹೆಗಲಿಗೇ ಬಿದ್ದಿತು. ಗಂಡುಮಕ್ಕಳ ತಂಡವನ್ನೂ 1988ರವರೆಗೆ ಅವರು ಬಿಡಲಿಲ್ಲ. ಎದುರಾಳಿಗಳಾಗಿ ನಿಲ್ಲಲು ಬೇರೆ ಕಾಲೇಜುಗಳ ತಂಡಗಳು ಸಾಲದಿದ್ದುದರಿಂದ ಆರಂಭದಲ್ಲಿ ಊರಿನ ಸಂಘಗಳೊಡನೆಯೂ ಪ್ರೌಢಶಾಲೆಯ ಹುಡುಗಿಯರೊಡನೆಯೂ ಆಡಬೇಕಾಯಿತಂತೆ. ಅಮೆರಿಕದ ಕಾಲೇಜುಗಳಲ್ಲಿ ಇಂದು ಮೇಲಿನ ದರ್ಜೆಯಲ್ಲಿಯೇ 300ಕ್ಕೂ ಹೆಚ್ಚು ಹೆಣ್ಣುಮಕ್ಕಳ ತಂಡಗಳಿವೆಯೆಂಬುದನ್ನು ನೆನೆದರೆ ಈ ಆರಂಭದ ಅಲ್ಪತೆಯು ಮನಸ್ಸಿಗೆ ಬಂದೀತು.

ಇನ್ನು ಜಯಗಳ ವಿಷಯ. ಹೆಣ್ಣುಮಕ್ಕಳ ಕಾಲೇಜುಗಳ ಮೊದಲ ರಾಷ್ಟ್ರೀಯ ಪಂದ್ಯಾವಳಿಯನ್ನು 1981ರಲ್ಲಿ ಈ ತಂಡವು ಗೆದ್ದಿತು. ಮರುವರ್ಷದಿಂದ ಪಂದ್ಯಾವಳಿಯು ರಾಷ್ಟ್ರೀಯ ಕಾಲೇಜು ಕ್ರೀಡಾ ಮಂಡಲಿಯ ಆಡಳಿತಕ್ಕೆ ಬಂದಿತು. ಆ ಮೇಲೆ 1982, 1983, 1984ರಲ್ಲಿ ಗೆದ್ದು, 1985ರ ಅಂತಿಮ ಪಂದ್ಯದಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯಕ್ಕೆ ಸೋತು, 1986ರಿಂದ 1994ರವರೆಗೆ ಒಂಭತ್ತು ವರ್ಷಗಳೂ ಒಂದೇ ಸಮನೆ ಗೆದ್ದಿತು. ತರುವಾಯ 1996, 1997, 1999, 2000, 2003, 2006, 2008, 2009 ಮತ್ತು 2012. ಮಂಡಲಿಯ ಲೆಕ್ಕದಲ್ಲಿ ಒಟ್ಟು 21, ಮೊದಲಿನದನ್ನೂ ಸೇರಿಸಿದರೆ 22. ಒಮ್ಮೆ ಈ ತಂಡವು ಸಮವನ್ನೂ ಮಾಡಿಕೊಳ್ಳದೆ 92 ಪಂದ್ಯಗಳನ್ನು ಸಾಲಾಗಿ ಗೆದ್ದಿತ್ತು. ಆ ಸಾಲು 1994ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾನಿಲಯದೊಡನೆ ಒಂದು ಗೋಲೂ ಇಲ್ಲದ ಸಮಪಂದ್ಯದಿಂದ ಕಡಿದುಹೋಯಿತು. ಅವರ ವೃತ್ತಿಜೀವನದಲ್ಲಿ ಹೆಣ್ಣುಮಕ್ಕಳ ತಂಡದ ಜಯಗಳು 900ನ್ನು ಮೀರಿದವು.

ಅಂಕಿಗಳು ಇಷ್ಟು ಸಾಕು. ಈ ಮನುಷ್ಯರು ಕಲಿಸುತ್ತಿದ್ದುದು ಹೇಗೆಂಬುದೇ ಉಪಾಧ್ಯಾಯಿನಿಯಾದ ನಮಗೆ ಹೆಚ್ಚಿನ ಕುತೂಹಲದ ವಿಷಯ.

ಅವರಿಗೆ ಮೊದಲು ಕಂಡುಬಂದ ತೊಡಕು ನಮ್ಮ ಹುಡುಗಿಯರ ತಾಯಂದಿರಿಗೂ ಪರಿಚಿತವಾದುದೇ. ಅಭ್ಯಾಸದ ಹೊತ್ತಿನಲ್ಲಿ ಹುಡುಗಿಯು ತನ್ನ ಗೆಳತಿಯಿಂದ ಚೆಂಡನ್ನು ಬಲವಾಗಿ ಕಸಿದುಕೊಳ್ಳಲು ಹಿಂಜರಿಯುತ್ತಾಳೆ. ಗೆದ್ದರೆ ಸ್ನೇಹವು ಕೆಡುವುದೆಂಬ ಅಂಜಿಕೆ. ಹುಟ್ಟಿದಂದಿನಿಂದ ಹೊಂದಿಕೊಂಡು ಹೋಗೆಂದು ಕೇಳಿಸಿಕೊಂಡು ಬಂದವಳಿಗೆ ಮೈದಾನದಲ್ಲಿ ಒಮ್ಮೆಲೇ ಸ್ಪರ್ಧಿಸೆಂದರೆ ಅವಳೇನು ಮಾಡಿಯಾಳು? ಸ್ಪರ್ಧೆಯು ದಿನವೂ ನಡೆಯುವ ಸಾಮಾನ್ಯ ಸಂಗತಿಯಾದರೆ ಈ ಅಂಜಿಕೆಯು ಹೋಗುವುದೆಂದು ಡಾರೆನ್ಸ್ ಎಣಿಸಿದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದ ಡೀನ್ ಸ್ಮಿತ್ ಎಂಬ ಪ್ರಸಿದ್ಧ ಶಿಕ್ಷಕರ ಅಭ್ಯಾಸವನ್ನು ಇವರು ಹೋಗಿ ನೋಡಿದರು. ಅಲ್ಲಿ ಪ್ರತಿಯೊಂದು ಎಸೆತವನ್ನೂ ಪ್ರತಿಯೊಂದು ತಪ್ಪನ್ನೂ ಬರೆದಿಡುತ್ತಿದ್ದರು. ಆ ಕ್ರಮವನ್ನು ಇವರು ತಮ್ಮ ಮೈದಾನಕ್ಕೆ ತಂದರು. ಒಬ್ಬಳಿಗೊಬ್ಬಳು ಎದುರಾಗಿ ಆಡುವ ಆಟ, ಓಟ, ತಲೆಯಿಂದ ಚೆಂಡನ್ನು ಹೊಡೆಯುವುದು, ಗೋಲಿಗೆ ಒದೆಯುವುದು, ಹೀಗೆ ಹತ್ತಾರು ಬಗೆಯ ಅಭ್ಯಾಸಗಳಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂಬುದನ್ನು ಬರೆದು, ಒಂದನೆಯವಳಿಂದ ಕಡೆಯವಳವರೆಗೆ ಕ್ರಮಸಂಖ್ಯೆಯನ್ನು ಹಾಕಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಿದ್ದರು. ಇದನ್ನು ಅವರು ಸ್ಪರ್ಧೆಯ ಕೊಪ್ಪರಿಗೆ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಗೆಳತಿಯನ್ನು ಸೋಲಿಸುವುದು ಗೆಳತಿಗೆ ಮಾಡುವ ಉಪಕಾರ, ಏಕೆಂದರೆ ಇಬ್ಬರೂ ಅದರಿಂದಲೇ ಬಲಿಯುವರೆಂಬುದು ಅದರ ತಾತ್ಪರ್ಯ.

ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಒಂದೇ ಕಾಲದಲ್ಲಿ ಕಲಿಸಿದುದರಿಂದ ಇವರಿಗೆ ಇನ್ನೊಂದು ವ್ಯತ್ಯಾಸವು ಗೋಚರವಾಯಿತು. ಹುಡುಗನಿಗೆ ನೀನು ತಪ್ಪಿದೆಯೆಂದು ಹೇಳಿದರೆ ನಂಬುವುದಿಲ್ಲ, ಚಿತ್ರವನ್ನು ತೋರಿಸಿ ಒಪ್ಪಿಸಬೇಕು. ಹುಡುಗಿಗಾದರೋ ಅದೇ ಚಿತ್ರವನ್ನು ತೋರಿಸುವ ಅಗತ್ಯವಿಲ್ಲ. ಹೇಳುವುದಕ್ಕಿಂತ ಮೊದಲೇ ತಪ್ಪನ್ನು ನಂಬಿ ಕುಗ್ಗಿರುತ್ತಾಳೆ. ಅವಳಿಗೆ ಅವಳು ಚೆನ್ನಾಗಿ ಆಡಿದುದನ್ನೇ ತೋರಿಸಬೇಕು. ಕೂಗಾಡುವುದರಿಂದ ಹುಡುಗರನ್ನು ನಡೆಸಬಹುದು, ಹುಡುಗಿಯರನ್ನು ನಡೆಸುವುದಕ್ಕೆ ಶಿಕ್ಷಕನ ಮನುಷ್ಯತ್ವವೇ ಬೇಕು. ಹೀಗೆಂದು ಅವರು ಅನೇಕ ಸಂದರ್ಭಗಳಲ್ಲಿ ಹೇಳಿದ್ದಾರೆ. ಎಲ್ಲ ಹುಡುಗಿಯರೂ ಒಂದೇ ಅಚ್ಚಿನವರಲ್ಲವಾದುದರಿಂದ ನಾವು ಈ ಮಾತನ್ನು ಪೂರ್ತಿಯಾಗಿ ಒಪ್ಪಲಾರೆವು. ನಮ್ಮ ಶಾಲೆಯಲ್ಲಿ ತಪ್ಪನ್ನು ಸಾಕ್ಷಿ ಸಮೇತ ತೋರಿಸಿದರೂ ಒಪ್ಪದ ಮಹಾತಾಯಿಯರು ಪ್ರತಿ ತರಗತಿಯಲ್ಲಿಯೂ ಇಬ್ಬರು ಮೂವರು ಇದ್ದಾರೆ. ಆದರೆ ಲೆಕ್ಕದಲ್ಲಿ ಒಮ್ಮೆ ತಪ್ಪಿದೊಡನೆ ತನಗೆ ಲೆಕ್ಕವೇ ಬಾರದೆಂದು ಸ್ಲೇಟನ್ನು ಕೆಳಗಿಡುವ ಮಕ್ಕಳನ್ನು ನೋಡಿರುವ ಯಾವ ಉಪಾಧ್ಯಾಯಿನಿಗೂ ಇದರ ಅರ್ಧ ಸತ್ಯವು ಹೊಳೆಯದೆ ಇರದು.

ಪಂದ್ಯದಲ್ಲಿ ಅವರು ಹಿಡಿದ ಕ್ರಮವನ್ನೂ ಒಂದು ಮಾತಿನಲ್ಲಿ ಹೇಳುವುದು ಅವಶ್ಯ. ತಂಡದಲ್ಲಿ ಹನ್ನೊಂದು ಮಂದಿ, ಅವರಲ್ಲಿ ಒಬ್ಬಳು ಗೋಲನ್ನು ಕಾಯುವವಳು. ಉಳಿದ ಹತ್ತು ಮಂದಿಯಲ್ಲಿ ನಾಲ್ವರನ್ನು ಹಿಂದೆ ನಿಲ್ಲಿಸುವುದು ಸಾಮಾನ್ಯವಾದ ರೂಢಿ. ಡಾರೆನ್ಸ್ ಬಹುಕಾಲ ಹಿಂದೆ ಮೂವರನ್ನೇ ನಿಲ್ಲಿಸಿ, ನಡುವೆ ನಾಲ್ವರನ್ನೂ ಮುಂದೆ ಮೂವರನ್ನೂ ಇಟ್ಟರು. ಚೆಂಡು ಎದುರಾಳಿಯ ಕಾಲಿನಲ್ಲಿರುವಾಗಲೇ, ಅದೂ ಅವರ ಗೋಲಿನ ಹತ್ತಿರದಲ್ಲಿಯೇ, ಮೇಲೆಬಿದ್ದು ಕಸಿದುಕೊಳ್ಳಬೇಕೆಂಬುದು ಉಪಾಯ. ಇದಕ್ಕೆ ಉಸಿರು ಬಹಳ ಬೇಕು. ಅಮೆರಿಕದ ಕಾಲೇಜು ಪಂದ್ಯಗಳ ನಿಯಮವು ಆಟಗಾರ್ತಿಯರನ್ನು ಧಾರಾಳವಾಗಿ ಬದಲಾಯಿಸಲು ಬಿಡುವುದರಿಂದ, ಒಂದು ಗುಂಪು ದಣಿದೊಡನೆ ಹೊಸ ಗುಂಪನ್ನು ಇಳಿಸಿ ಓಟದ ಬಿರುಸು ತಗ್ಗದಂತೆ ನೋಡಿಕೊಳ್ಳುತ್ತಿದ್ದರು.

ಸಾಹಿತ್ಯವನ್ನು ಓದಿದವರಾದುದರಿಂದ ಅವರು ಮೈದಾನಕ್ಕೂ ಪುಸ್ತಕಗಳನ್ನು ತಂದರು. ತಂಡದ ನಡತೆಗೆ ಕೆಲವು ನಿಯಮಗಳನ್ನು ಬರೆದು, ಒಂದೊಂದಕ್ಕೂ ದೊಡ್ಡ ಲೇಖಕರ ವಾಕ್ಯವೊಂದನ್ನು ಜೋಡಿಸಿ, ಆಟಗಾರ್ತಿಯರು ಅವುಗಳನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕೆಂದು ವಿಧಿಸಿದರು. ಗೊಣಗಕೂಡದೆಂಬುದು ಅವುಗಳಲ್ಲಿ ಮೊದಲನೆಯದು. ಅದಕ್ಕೆ ಆಧಾರವು ಬರ್ನಾರ್ಡ್ ಷಾ ಅವರ ಬರಹ. ಬಾಯಿಪಾಠವು ಹಳೆಯ ಕಾಲದ ಪದ್ಧತಿಯೆಂದು ನಮ್ಮನ್ನು ಹಾಸ್ಯಮಾಡುವವರು ಈ ಸಂಗತಿಯನ್ನು ದಯವಿಟ್ಟು ಗಮನಿಸಬೇಕು. ಕಡೆಯ ವರ್ಷದ ಆಟಗಾರ್ತಿಯರಿಗೆ, ಅವರು ತಂಡಕ್ಕೆ ಏನಾಗಿದ್ದರೆಂಬುದನ್ನು ತಿಳಿಸಿ ಪತ್ರಗಳನ್ನು ಬರೆಯುವ ಪದ್ಧತಿಯನ್ನೂ ಇಟ್ಟುಕೊಂಡಿದ್ದರು.

ಇವರ ಶಿಷ್ಯೆಯರಲ್ಲಿ ಜಗತ್ಪ್ರಸಿದ್ಧಳಾದವಳು ಮಿಯಾ ಹ್ಯಾಮ್. ಅಮೆರಿಕದ ರಾಷ್ಟ್ರೀಯ ತಂಡದಲ್ಲಿ 1987ರಲ್ಲಿ ಮೊದಲು ಆಡಿದಾಗ ಅವಳಿಗೆ ಹದಿನೈದೇ ವರ್ಷ, ಎಂದರೆ ನಮಗೆ ಅರ್ಜಿಯನ್ನು ಬರೆದ ಮಕ್ಕಳ ವಯಸ್ಸು. ಚ್ಯಾಪಲ್ ಹಿಲ್ಲಿನಲ್ಲಿ ಓದುತ್ತಿದ್ದಾಗ ಒಂದು ಬೆಳಗ್ಗೆ ಅವಳು ಒಬ್ಬಳೇ ಮೈದಾನದಲ್ಲಿ ಬೆವರು ಸುರಿಸಿ ಓಡುತ್ತಿದ್ದುದನ್ನು ದಾರಿಯಲ್ಲಿ ಹೋಗುತ್ತಿದ್ದ ಡಾರೆನ್ಸ್ ಕಂಡರು. ನಿಲ್ಲಿಸಿ ಮಾತನಾಡಿಸಲಿಲ್ಲ. ಯಾರೂ ನೋಡದಿರುವಾಗ ದಣಿದು ಬಾಗುವವರೆಗೆ ದುಡಿಯುವವಳೇ ವೀರಳೆಂಬ ಅಭಿಪ್ರಾಯದ ಚೀಟಿಯೊಂದನ್ನು ಬರೆದು ಅವಳಿಗೆ ಕಳುಹಿಸಿದರು. ಆ ಚೀಟಿಯು ಇಂದು ಎಷ್ಟೋ ಶಾಲೆಗಳ ಗೋಡೆಗಳನ್ನು ಏರಿದೆ.

1986ರಿಂದ 1994ರವರೆಗೆ ಅಮೆರಿಕದ ಹೆಣ್ಣುಮಕ್ಕಳ ರಾಷ್ಟ್ರೀಯ ತಂಡಕ್ಕೂ ಡಾರೆನ್ಸ್ ಅವರೇ ಶಿಕ್ಷಕರಾಗಿದ್ದರು. ಹೆಂಗಸರ ಮೊದಲ ವಿಶ್ವ ಪಂದ್ಯಾವಳಿಯು 1991ರ ನವೆಂಬರಿನಲ್ಲಿ ಚೀನಾ ದೇಶದಲ್ಲಿ ನಡೆಯಿತು. ಹನ್ನೆರಡು ದೇಶಗಳು ಸೇರಿದ್ದವು. ಗಂಡಸರ ಪಂದ್ಯಕ್ಕೆ 90 ನಿಮಿಷವಾದರೆ ಇವರಿಗೆ 80 ನಿಮಿಷವೆಂದು ಗೊತ್ತುಮಾಡಿದ್ದರು. ಉಳಿದ ಹತ್ತು ನಿಮಿಷಗಳಲ್ಲಿ ಹೆಂಗಸರಿಗೆ ಏನಾದೀತೆಂದು ಭಯಪಟ್ಟರೋ ನಾವರಿಯೆವು. ನವೆಂಬರ್ 30ರಂದು ಗ್ವಾಂಗ್‌ಝೌ ಪಟ್ಟಣದ ಅಂತಿಮ ಪಂದ್ಯದಲ್ಲಿ ಅಮೆರಿಕವು ನಾರ್ವೆಯನ್ನು 2–1ರಿಂದ ಸೋಲಿಸಿತು. ಎರಡು ಗೋಲುಗಳನ್ನೂ ಹೊಡೆದವಳು ಮಿಷೆಲ್ ಏಕರ್ಸ್. ತಂಡದ ನಾಯಕಿಯಾದ ಏಪ್ರಿಲ್ ಹೈನ್ರಿಕ್ಸ್ ಚ್ಯಾಪಲ್ ಹಿಲ್ಲಿನ ಹಳೆಯ ವಿದ್ಯಾರ್ಥಿನಿ. ಇವಳೇ ಮುಂದೆ ಅದೇ ರಾಷ್ಟ್ರೀಯ ತಂಡದ ಶಿಕ್ಷಕಿಯಾಗಿ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕವನ್ನು ಗೆಲ್ಲಿಸಿದಳು. ಆಟವನ್ನು ಆಡಿ ಯಾರು ಉದ್ಧಾರವಾಗಿದ್ದಾರೆಂದು ಕೇಳಿದವರಿಗೆ ಈಕೆಯ ಹೆಸರನ್ನೇ ಹೇಳುತ್ತೇವೆ.

ಇಷ್ಟನ್ನು ಬರೆದು ನಿಲ್ಲಿಸಿದರೆ ನಮ್ಮ ಲೇಖನವು ಸ್ತೋತ್ರವಾದೀತು. ಅಹಿತವಾದುದನ್ನೂ ಹೇಳಬೇಕಾಗಿದೆ. 1998ರಲ್ಲಿ ಡಾರೆನ್ಸ್ ಅವರ ತಂಡದಲ್ಲಿದ್ದ ಇಬ್ಬರು ಹಿಂದಿನ ಆಟಗಾರ್ತಿಯರು ನ್ಯಾಯಾಲಯಕ್ಕೆ ಹೋದರು. ಹುಡುಗಿಯರ ಖಾಸಗಿ ಜೀವನದ ವಿಷಯವಾಗಿ ಶಿಕ್ಷಕರು ಅನುಚಿತವಾದ ಮಾತುಗಳನ್ನು ಆಡುತ್ತಿದ್ದರೆಂಬುದು ಅವರ ದೂರು. ಡಾರೆನ್ಸ್ ತಾವು ಯಾರನ್ನೂ ಪೀಡಿಸಲಿಲ್ಲವೆಂದರು. ತಂಡದ ಅನೇಕರು ಅವರ ಪರವಾಗಿಯೇ ಮಾತನಾಡಿದರು. ಒಬ್ಬಳ ದಾವೆಯು ಕೆಲವು ವರ್ಷಗಳ ತರುವಾಯ ರಾಜಿಯಾಯಿತು. ಇನ್ನೊಬ್ಬಳ ದಾವೆಯು ವಿಚಾರಣೆಗೆ ಯೋಗ್ಯವಾದುದೆಂದು ಮೇಲ್ಮನವಿಯ ನ್ಯಾಯಾಲಯವು 2007ರಲ್ಲಿ ತೀರ್ಮಾನಿಸಿತು. 2008ರಲ್ಲಿ ಅದೂ ರಾಜಿಯಾಗಿ, ವಿಶ್ವವಿದ್ಯಾನಿಲಯದ ಕಡೆಯಿಂದ ಹಣವನ್ನು ಕೊಡಲಾಯಿತು. ಡಾರೆನ್ಸ್ ಅಂತಹ ಮಾತುಕತೆಯಲ್ಲಿ ತಾವು ಭಾಗಿಯಾದುದು ಸರಿಯಲ್ಲವೆಂದು ಬರಹದಲ್ಲಿ ಕ್ಷಮೆಯನ್ನು ಕೇಳಿದರು. ಮನುಷ್ಯತ್ವದಿಂದಲೇ ಹುಡುಗಿಯರನ್ನು ನಡೆಸಬೇಕೆಂದು ಕಂಡುಕೊಂಡ ಶಿಕ್ಷಕರಿಗೂ ಸಲಿಗೆಯ ಮೇರೆಯು ಎಲ್ಲಿದೆಯೆಂಬುದು ತಪ್ಪಿಹೋಗಬಹುದು. ಗೆದ್ದ ಬಟ್ಟಲುಗಳ ಸಂಖ್ಯೆಯು ಆ ಇಬ್ಬರ ದೂರನ್ನು ಚಿಕ್ಕದು ಮಾಡಲಾರದು. ನಮ್ಮ ಮಕ್ಕಳನ್ನು ಯಾರ ಕೈಗೆ ಒಪ್ಪಿಸುತ್ತೇವೆಂಬ ಪ್ರಶ್ನೆಯನ್ನು ಆಕ್ಷೇಪಿಸಿದ ತಾಯ್ತಂದೆಗಳಲ್ಲಿ ಒಬ್ಬರೂ ನಮ್ಮನ್ನು ಕೇಳಲಿಲ್ಲ. ಕಾಲಿನ ಎಲುಬಿಗಿಂತ ಮೊದಲು ಕೇಳಬೇಕಾಗಿದ್ದುದು ಅದನ್ನೇ.

ಅವರ ಕಡೆಯ ವರ್ಷಗಳಲ್ಲಿ ಸೋಲುಗಳೂ ಬಂದವು. 2012ರ ತರುವಾಯ ಅವರ ಕೈಗೆ ಬಟ್ಟಲು ಬರಲಿಲ್ಲ. 2018ರಲ್ಲಿಯೂ 2019ರಲ್ಲಿಯೂ ಅಂತಿಮ ಪಂದ್ಯವನ್ನು ಮುಟ್ಟಿ ಸೋತರು. 2021ರಲ್ಲಿ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿಯೇ ಹೊರಬಿದ್ದರು. 2022ರ ಅಂತಿಮ ಪಂದ್ಯದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲಿಸ್ ತಂಡದ ಮೇಲೆ ಎರಡು ಗೋಲುಗಳಿಂದ ಮುಂದಿದ್ದು, ಕಾಲವು ಮುಗಿಯಲು 16 ಸೆಕೆಂಡು ಉಳಿದಿರುವಾಗ ಸಮವಾಗಿ, ಹೆಚ್ಚುವರಿ ಸಮಯದಲ್ಲಿ 3–2ರಿಂದ ಸೋತರು. 2024ರ ಆಗಸ್ಟಿನಲ್ಲಿ, ಹೊಸ ಋತುವಿನ ಆಟವು ತೊಡಗುವುದಕ್ಕೆ ಕೆಲವೇ ದಿನಗಳಿರುವಾಗ, ನಿವೃತ್ತರಾದರು. ಅವರ ಸಹಾಯಕರಾಗಿದ್ದ ಡೇಮನ್ ನಹಾಸ್ ಅವರ ಕೈಕೆಳಗೆ ಅದೇ ತಂಡವು ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಬಟ್ಟಲನ್ನು ಮತ್ತೆ ಗೆದ್ದಿತು.

ಇದು ದೂರದ ಶ್ರೀಮಂತ ದೇಶದ ಮಾತಾಯಿತು, ನಮ್ಮ ದೇಶದ ಗತಿಯೇನೆಂದು ಕೇಳುವಿರಿ. ಗಂಡಸರ ಕಾಲ್ಚೆಂಡಾಟಕ್ಕೆ ನಮ್ಮ ಸೀಮೆಯು ಹೊಸದಲ್ಲ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು ನಾಲ್ಕು ಸಾರಿ ಗೆದ್ದಿತ್ತು. 1968–69ರ ತರುವಾಯ ಐವತ್ತನಾಲ್ಕು ವರ್ಷ ಕಾದು, 2023ರಲ್ಲಿ ಕರ್ನಾಟಕವು ಅದನ್ನು ಸೌದಿ ಅರೇಬಿಯಾದ ರಿಯಾದ್ ಪಟ್ಟಣದಲ್ಲಿ ಮರಳಿ ಪಡೆಯಿತು. ಹೆಂಗಸರ ಆಟಕ್ಕೆ ಭಾರತದಲ್ಲಿ 1975ರಲ್ಲಿ ಪ್ರತ್ಯೇಕವಾದ ಸಂಸ್ಥೆಯು ಹುಟ್ಟಿತು. ಐದೇ ವರ್ಷಗಳಲ್ಲಿ, 1980ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾದ ಪಂದ್ಯಾವಳಿಯಲ್ಲಿ ನಮ್ಮ ಹೆಣ್ಣುಮಕ್ಕಳು ಎರಡನೆಯ ಸ್ಥಾನವನ್ನು ಪಡೆದರು, 1983ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಪಡೆದರು. ಬೆಂಗಳೂರಿನ ಚಿತ್ರಾ ಗಂಗಾಧರನ್ ಅವರು ಭಾರತದ ತಂಡಕ್ಕೆ ಆಡಿದವರು. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡವು 2023ರ ಹೆಣ್ಣುಮಕ್ಕಳ ಲೀಗ್ ಪಂದ್ಯಾವಳಿಯ ಅಂತಿಮ ಪಂದ್ಯವನ್ನು ಮುಟ್ಟಿತು. 2025ರ ಜುಲೈ ತಿಂಗಳಲ್ಲಿ ಭಾರತದ ಹೆಣ್ಣುಮಕ್ಕಳು ಥಾಯ್ಲೆಂಡನ್ನು ಅದರ ನೆಲದಲ್ಲಿಯೇ 2–1ರಿಂದ ಸೋಲಿಸಿ ಏಷ್ಯಾ ಬಟ್ಟಲಿನ ಪಂದ್ಯಾವಳಿಗೆ ಅರ್ಹರಾದರು. ಎರಡು ಗೋಲುಗಳನ್ನೂ ಬಂಗಾಳದ ಸಂಗೀತಾ ಬಾಸ್ಫೋರ್ ಹೊಡೆದಳು. ಆ ದಿನದ ಪತ್ರಿಕೆಯನ್ನು ನಮ್ಮ ಮಕ್ಕಳು ಕತ್ತರಿಸಿ ವಾಚನಾಲಯದ ಹಲಗೆಗೆ ಅಂಟಿಸಿದ್ದರು. ಅರ್ಜಿಯ ಮೂಲವು ಅದೇ ಇರಬಹುದೆಂದು ನಾವು ಊಹಿಸಿದ್ದೇವೆ.

ಅರ್ಜಿಗೆ ನಾವು ಕೊಟ್ಟ ಉತ್ತರವಿದು. ಶಾಲೆಯ ಹಿಂದಿನ, ತೆಂಗಿನ ತೋಟದ ಬೇಲಿಯ ಪಕ್ಕದ ಬಯಲಿನಲ್ಲಿ ಮಂಗಳವಾರವೂ ಶುಕ್ರವಾರವೂ ಕಡೆಯ ಗಂಟೆಯ ಮೇಲೆ ಒಂದು ಘಳಿಗೆ ಅಭ್ಯಾಸವು ನಡೆಯುವುದು. ಅರಸೀಕೆರೆಯ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳು ಹ್ಯಾಂಡ್‌ಪೋಸ್ಟಿನಲ್ಲಿ ಕತ್ತಲಾಗುವ ಮೊದಲು ಬಸ್ಸನ್ನು ಹತ್ತುವಂತೆ ಹೊತ್ತನ್ನು ಗೊತ್ತುಮಾಡಲಾಗಿದೆ. ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳುವ ಕಾಪುಗಳನ್ನು ಶಾಲೆಯೇ ಕೊಡುವುದು. ವ್ಯಾಯಾಮದ ಉಪಾಧ್ಯಾಯಿನಿಯವರೊಡನೆ ಇನ್ನೊಬ್ಬ ಉಪಾಧ್ಯಾಯಿನಿಯು ಯಾವಾಗಲೂ ಮೈದಾನದಲ್ಲಿರುವರು. ಯಾವ ತಾಯಿಯಾದರೂ ಯಾವ ದಿನವಾದರೂ ಬಂದು ಬೇಲಿಯ ಬದಿಯ ಕಲ್ಲುಬೆಂಚಿನ ಮೇಲೆ ಕುಳಿತು ನೋಡಬಹುದು.

ಕ್ರಮಸಂಖ್ಯೆಯ ಪಟ್ಟಿಯ ವಿಷಯವಾಗಿ ನಮ್ಮಲ್ಲಿ ಬಹಳ ಚರ್ಚೆಯಾಯಿತು. ಡಾರೆನ್ಸ್ ಅವರಂತೆ ಬರೆದಿಡುವುದನ್ನು ನಾವು ಸ್ವೀಕರಿಸಿದೆವು, ಗೋಡೆಗೆ ಅಂಟಿಸುವುದನ್ನು ಬಿಟ್ಟೆವು. ಅವರ ವಿದ್ಯಾರ್ಥಿನಿಯರು ದೇಶದ ಮೂಲೆಮೂಲೆಗಳಿಂದ ಆರಿಸಿ ಬಂದವರು. ನಮ್ಮವರಲ್ಲಿ ಅನೇಕರು ಚೆಂಡನ್ನು ಈ ವರ್ಷವೇ ಮೊದಲು ಒದ್ದವರು. ಪುಸ್ತಕವು ವ್ಯಾಯಾಮದ ಉಪಾಧ್ಯಾಯಿನಿಯವರ ಬಳಿ ಇರುವುದು, ತನ್ನ ಅಂಕಿಯನ್ನು ನೋಡಬೇಕೆಂದವಳು ಹೋಗಿ ಕೇಳಬಹುದು. ಮೊದಲ ವಾರದಲ್ಲಿ ಯಾರೂ ಕೇಳಲಿಲ್ಲ. ಈಗ ಶುಕ್ರವಾರ ಸಂಜೆ ಆ ಮೇಜಿನ ಮುಂದೆ ಸಾಲು ನಿಲ್ಲುತ್ತಿದೆ.